ಎಣ್ಣೆಯ ಮೇಲೆ ತೇಲುವ ಎಂಜಿನ್

ಹೊಸ ಸಣ್ಣ ಕಾರುಗಳ ಕೈಪಿಡಿ ತೆರೆದರೆ ಎಂಜಿನ್ ಆಯಿಲ್ ಪುಟದಲ್ಲಿ ‘0ಡಬ್ಲ್ಯು-20’ ಎಂದೋ ‘5ಡಬ್ಲ್ಯು-30’ ಎಂದೋ ಬರೆದಿರುತ್ತದೆ. ಡಬ್ಬಿ ಬಗ್ಗಿಸಿದರೆ 0ಡಬ್ಲ್ಯು-20 ಆಯಿಲ್ ಹೆಚ್ಚು ಕಡಿಮೆ ಕಡಲೆಕಾಯಿ ಎಣ್ಣೆಯಷ್ಟೇ ಸಲೀಸಾಗಿ ಸುರಿಯುತ್ತದೆ. ರಾಯಚೂರಿನ ಗ್ಯಾರೇಜಿನಲ್ಲಿ ಇದನ್ನು ನೋಡಿದ ಮೆಕ್ಯಾನಿಕ್ ತಲೆಯಾಡಿಸುತ್ತಾರೆ: “ಇದು ಹಿಮ ಬೀಳೋ ದೇಶದ್ದು ಸರ. ನಮ್ಮ ಬಿಸಿಲಿಗೆ ಈ ನೀರಿನಂಥಾ ಆಯಿಲ್ ತಡಿಯಂಗಿಲ್ರಿ. ಇಪ್ಪತ್ತು-ಐವತ್ತು ಹಾಕಸ್ರಿ.”

ಇದು ಅನುಭವದ ಮಾತು, ಸುಮ್ಮನೆ ತಳ್ಳಿಹಾಕುವಂತಿಲ್ಲ. ಬಿಸಿಯಾದರೆ ಎಣ್ಣೆ ತೆಳುವಾಗುತ್ತದೆ ಎಂಬುದು ಒಗ್ಗರಣೆ ಹಾಕುವವರಿಗೆಲ್ಲ ಗೊತ್ತು. ಹಳೆಯ ಕಾರುಗಳು 20ಡಬ್ಲ್ಯು-40, 20ಡಬ್ಲ್ಯು-50 ಆಯಿಲಿನಲ್ಲೇ ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ್ದೂ ನಿಜ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ದಪ್ಪ ಆಯಿಲ್ ಹಾಕಿಸುವುದೇ ಜಾಣತನ ಅಲ್ಲವೆ? ಹಾಗಾದರೆ ಕಾರು ಕಟ್ಟಿದ ಎಂಜಿನಿಯರುಗಳಿಗೆ ರಾಯಚೂರಿನ ಬಿಸಿಲು ಗೊತ್ತಿಲ್ಲವೆ?

ಹೊರಗಿನ ಬಿಸಿಲು, ಒಳಗಿನ ಬಿಸಿ

ಮೊದಲು ಬಿಸಿಲಿನ ಲೆಕ್ಕ ನೋಡೋಣ. ಎಂಜಿನ್ ಸುತ್ತ ಓಡಾಡುವ ಕೂಲೆಂಟ್ ನೀರನ್ನು ಥರ್ಮೋಸ್ಟಾಟ್ ಎಂಬ ಪುಟ್ಟ ಬಾಗಿಲು ಕಾಯುತ್ತದೆ. ನೀರು ತಣ್ಣಗಿರುವವರೆಗೂ ಅದು ರೇಡಿಯೇಟರಿನ ದಾರಿ ಮುಚ್ಚಿರುತ್ತದೆ, ಬಿಸಿ ಏರಿದಂತೆ ತೆರೆಯುತ್ತದೆ. ಇದರಿಂದ ಕೂಲೆಂಟ್ 90 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ಉಳಿಯುತ್ತದೆ. ಆಯಿಲ್ ಕೂಡ ಸಾಮಾನ್ಯ ಓಟದಲ್ಲಿ 90ರಿಂದ 110 ಡಿಗ್ರಿಯ ನಡುವೆ ಇರುತ್ತದೆ. ಮಡಿಕೇರಿಯ ಡಿಸೆಂಬರಿನಲ್ಲೂ ರಾಯಚೂರಿನ ಮೇ ತಿಂಗಳಿನಲ್ಲೂ ಕಾಲು ಗಂಟೆ, ಅರ್ಧ ಗಂಟೆ ಓಡಿದ ಮೇಲೆ ಎಂಜಿನ್ ಒಳಗಿನ ಹವಾಮಾನ ಬಹುತೇಕ ಒಂದೇ.

ಬೇರಿಂಗ್‌ಗಳ ಕಿರುಸಂದಿಯಲ್ಲಿ ಬಿಸಿ ಇನ್ನೂ ಹೆಚ್ಚು. ಆದ್ದರಿಂದ ಆಯಿಲಿನ ದರ್ಜೆ ನಿಗದಿ ಮಾಡುವಾಗ 150 ಡಿಗ್ರಿಯಲ್ಲಿ, ವೇಗವಾಗಿ ಉಜ್ಜಾಡಿಸುತ್ತಾ ಪರೀಕ್ಷಿಸುತ್ತಾರೆ. ‘20’ ಎಂಬ ಅಂಕಿ ಪಡೆದ ಆಯಿಲ್ ಈ ಪರೀಕ್ಷೆಯನ್ನೂ ದಾಟಿಬಂದಿರುತ್ತದೆ. 150 ಡಿಗ್ರಿಯಲ್ಲಿ ಎಷ್ಟು ಮಂದವಾಗಿರಬೇಕೋ ಅಷ್ಟು ಮಂದವಾಗಿದ್ದ ದ್ರವಕ್ಕೆ ಹೊರಗಿನ 43 ಡಿಗ್ರಿ ಬಿಸಿಲು ದೊಡ್ಡ ಸಂಗತಿಯಲ್ಲ.

‘ನೀರಿನಂಥ’ ಎಂಬುದೂ ಕಣ್ಣಿನ ಅಂದಾಜಷ್ಟೆ. ದ್ರವ ಹರಿಯಲು ತೋರುವ ಪ್ರತಿರೋಧಕ್ಕೆ ಪಠ್ಯಪುಸ್ತಕಗಳಲ್ಲಿ ಸ್ನಿಗ್ಧತೆ ಎನ್ನುತ್ತಾರೆ, ನಾವಿಲ್ಲಿ ಮಂದತನ ಎನ್ನೋಣ. 100 ಡಿಗ್ರಿಗೆ ಕಾದ 0ಡಬ್ಲ್ಯು-20 ಆಯಿಲ್ ಅಷ್ಟೇ ಬಿಸಿಯ ನೀರಿಗಿಂತ ಇಪ್ಪತ್ತು ಪಟ್ಟಿಗೂ ಮಿಕ್ಕು ಮಂದ. ಅಷ್ಟು ಮಂದತನ ಸಾಕೇ ಎಂಬುದು ಮುಂದಿನ ಪ್ರಶ್ನೆ. ಉತ್ತರಕ್ಕೆ ಎಣ್ಣೆ ಎಂಜಿನ್ನಿನೊಳಗೆ ನಿಜಕ್ಕೂ ಏನು ಮಾಡುತ್ತದೆ ಎಂದು ತಿಳಿಯಬೇಕು.

ಬಿರಡೆಯನ್ನು ಹೊರದಬ್ಬಿದ ಎಣ್ಣೆ

ಎಣ್ಣೆ ಲೋಹಕ್ಕೆ ಸವರಿಕೊಂಡು ಜಾರಿಸುತ್ತದೆ, ಅಷ್ಟೇ ಅದರ ಕೆಲಸ ಎಂದು ಬಹಳ ಕಾಲ ಜನ ನಂಬಿದ್ದರು. 1880ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆ ರೈಲಿನ ಅಚ್ಚಿನ ಘರ್ಷಣೆ ಅಳೆಯುವ ಕೆಲಸವನ್ನು ಬೋಶಾಂಪ್ ಟವರ್ ಎಂಬ ಎಂಜಿನಿಯರಿಗೆ ವಹಿಸಿತು. ಅವರು ತಿರುಗುವ ಅಚ್ಚಿನ ತಳಭಾಗ ಎಣ್ಣೆಯಲ್ಲಿ ಮುಳುಗಿರುವಂತೆ ಇಟ್ಟು, ಅಚ್ಚಿನ ಮೇಲೆ ಹಿತ್ತಾಳೆಯ ಬೇರಿಂಗ್ ಕೂರಿಸಿ, ಅದರ ಮೇಲೆ ಭಾರ ಹೇರಿದರು. ಮೇಲಿನಿಂದ ಎಣ್ಣೆ ಬಿಡೋಣವೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆದರು.

ಅಚ್ಚು ತಿರುಗಿದಾಗ ಎಣ್ಣೆ ಆ ತೂತಿನೊಳಕ್ಕೆ ಇಳಿಯುವ ಬದಲು ಅದರಿಂದ ಮೇಲಕ್ಕೆ ಉಕ್ಕಿತು. ಬಿರಡೆ ಜಡಿದರೆ ಎಣ್ಣೆ ಅದನ್ನೇ ಹೊರದಬ್ಬಿತು. ಕೊನೆಗೆ ಅಲ್ಲಿ ಒತ್ತಡ ಮಾಪಕ ಕೂರಿಸಿದರು. ಅದು ಪ್ರತಿ ಚದರ ಅಂಗುಲಕ್ಕೆ 200 ಪೌಂಡಿನವರೆಗೆ ತೋರಿಸಬಲ್ಲ ಮಾಪಕ. ಮುಳ್ಳು ಅದನ್ನೂ ದಾಟಿತು. ಬೇರಿಂಗಿನ ಮೇಲೆ ಹೇರಿದ ಭಾರವನ್ನು ಸಮನಾಗಿ ಹಂಚಿದರೆ ಚದರ ಅಂಗುಲಕ್ಕೆ ಸುಮಾರು 100 ಪೌಂಡಷ್ಟೆ. ಪಂಪು ಎಂಬುದೇ ಇಲ್ಲದ ಕಡೆ ಇಷ್ಟು ಒತ್ತಡ ಬಂದದ್ದೆಲ್ಲಿಂದ? ಟವರ್ ಅವರ ವರದಿ 1883ರಲ್ಲಿ ಪ್ರಕಟವಾಯಿತು. ಮ್ಯಾಂಚೆಸ್ಟರಿನ ಪ್ರಾಧ್ಯಾಪಕ ಆಸ್ಬೋರ್ನ್ ರೇನಾಲ್ಡ್ಸ್ 1886ರಲ್ಲಿ ಅದರ ಗಣಿತ ಬಿಡಿಸಿಟ್ಟರು. ಇಂದಿಗೂ ಕಾರಿನ ಬೇರಿಂಗ್ ವಿನ್ಯಾಸಕ್ಕೆ ಆಧಾರ ಆ ಲೆಕ್ಕವೇ.

ಎಣ್ಣೆಬೆಣೆ

ಮಳೆಗಾಲದಲ್ಲಿ ಹೆದ್ದಾರಿಯ ಮೇಲೆ ನೀರು ನಿಂತಿರುವಾಗ ಜೋರಾಗಿ ಹೋದ ಕಾರು ಇದ್ದಕ್ಕಿದ್ದಂತೆ ಹಿಡಿತ ತಪ್ಪುವುದನ್ನು ಕೇಳಿರುತ್ತೀರಿ. ನಿಧಾನವಾಗಿ ಹೋದರೆ ಟೈರು ನೀರನ್ನು ಪಕ್ಕಕ್ಕೆ ಸರಿಸಿ ರಸ್ತೆ ಮುಟ್ಟುತ್ತದೆ. ವೇಗ ಹೆಚ್ಚಾದರೆ ನೀರಿಗೆ ಸರಿಯಲು ಸಮಯವೇ ಸಿಗುವುದಿಲ್ಲ. ಟೈರಿನ ಮುಂದಿನ ಇಕ್ಕಟ್ಟಿಗೆ ನುಗ್ಗಿದ ನೀರು ಒತ್ತಡ ಕಟ್ಟಿಕೊಂಡು ಟೈರನ್ನೇ ಎತ್ತುತ್ತದೆ. ಸಾವಿರ ಕಿಲೋ ತೂಕದ ಕಾರು ನೀರಿನ ಪದರದ ಮೇಲೆ ತೇಲುತ್ತದೆ. ರಸ್ತೆಯಲ್ಲಿ ಜೀವ ತೆಗೆಯುವ ಇಂಥದೇ ತೇಲಾಟವನ್ನು ಎಂಜಿನ್ನಿನೊಳಗೆ ನಾವು ಬೇಕೆಂದೇ ಉಂಟುಮಾಡುತ್ತೇವೆ.

ಪಿಸ್ಟನ್‌ಗಳ ಮೇಲೆ ಕೆಳಗಿನ ಓಟವನ್ನು ತಿರುಗಾಟವಾಗಿ ಬದಲಿಸುವ ಕ್ರ್ಯಾಂಕ್‌ಶಾಫ್ಟ್ ಬೇರಿಂಗುಗಳೊಳಗೆ ತಿರುಗುತ್ತದೆ. ಎರಡರ ನಡುವಿನ ಸಂದಿ ಮಿಲಿಮೀಟರಿನ ನೂರರ ಎರಡರಿಂದ ಐದು ಭಾಗ, ಎಂದರೆ ತಲೆಗೂದಲಿಗಿಂತ ಕಿರಿದು. ಭಾರ ಬಿದ್ದಾಗ ಶಾಫ್ಟು ನಟ್ಟನಡುವೆ ಇರದೆ ಒಂದು ಕಡೆಗೆ ವಾಲುತ್ತದೆ. ಆಗ ಸಂದಿ ಒಂದೆಡೆ ಅಗಲ, ಇನ್ನೊಂದೆಡೆ ಕಿರಿದು. ಎಣ್ಣೆ ಲೋಹಕ್ಕೆ ಅಂಟಿಕೊಳ್ಳುವುದರಿಂದ ತಿರುಗುವ ಶಾಫ್ಟು ಅದನ್ನು ಅಗಲದ ಕಡೆಯಿಂದ ಕಿರಿದಾದ ಕಡೆಗೆ ಎಳೆದೊಯ್ಯುತ್ತದೆ. ಎಣ್ಣೆ ಕುಗ್ಗುವ ವಸ್ತುವಲ್ಲ. ಪಕ್ಕದಿಂದ ಸೋರಿಹೋಗಬೇಕು, ಆದರೆ ಅದರ ಮಂದತನ ಅಷ್ಟು ಬೇಗ ಸೋರಗೊಡುವುದಿಲ್ಲ. ಹೀಗೆ ಬೆಣೆಯಾಕಾರದ ಜಾಗದಲ್ಲಿ ಸಿಕ್ಕಿಕೊಂಡ ಎಣ್ಣೆ ಶಾಫ್ಟನ್ನು ಎತ್ತಿಹಿಡಿಯುತ್ತದೆ. ಇದೇ ಎಣ್ಣೆಬೆಣೆ.

ಇದು ಹೊರುವ ಭಾರ ಸಾಮಾನ್ಯದ್ದಲ್ಲ. ಏಳು ಸೆಂಟಿಮೀಟರ್ ಚಿಲ್ಲರೆ ವ್ಯಾಸದ ಪಿಸ್ಟನ್ ಮೇಲೆ ಪೆಟ್ರೋಲ್ ಪೂರ್ತಿ ಜೋರಿನಲ್ಲಿ ಉರಿದಾಗ ಬೀಳುವ ತಳ್ಳು ಎರಡು ಟನ್ ದಾಟುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿ ಸಿಲಿಂಡರಿನಲ್ಲೂ ಸೆಕೆಂಡಿಗೆ 25 ಸಲ ಇಂಥ ಗುದ್ದು. ಆ ಹೊತ್ತಿನಲ್ಲಿ ಲೋಹಗಳ ನಡುವೆ ಉಳಿಯುವ ಎಣ್ಣೆಯ ಪದರ ಅತಿ ಕಿರಿದಾದ ಕಡೆ ಮಿಲಿಮೀಟರಿನ ಸಾವಿರದ ಒಂದೆರಡು ಭಾಗ. ಭಾರ ಹೆಚ್ಚಾದಷ್ಟೂ ಸಂದಿ ಕಿರಿದಾಗುತ್ತದೆ, ಕಿರಿದಾದಷ್ಟೂ ಬೆಣೆಯ ಒತ್ತಡ ಏರುತ್ತದೆ. ಬೆಣೆ ತನ್ನನ್ನು ತಾನೇ ಬಿಗಿ ಮಾಡಿಕೊಳ್ಳುತ್ತದೆ.

ಎಂಜಿನ್ನಿನ ಆಯಿಲ್ ಪಂಪು ಶಾಫ್ಟನ್ನು ಎತ್ತುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಪಂಪಿನ ಒತ್ತಡ ವಾಯುಮಂಡಲದ ಒತ್ತಡದ ಕೆಲವೇ ಪಟ್ಟು. ಬೆಣೆಯೊಳಗೆ ಏಳುವುದು ಅದರ ನೂರಾರು ಪಟ್ಟು. ಪಂಪು ಎಣ್ಣೆಯನ್ನು ಸಂದಿಯ ಬಾಗಿಲಿಗೆ ತಂದು ಬಿಡುತ್ತದೆ, ಎತ್ತುವ ಕೆಲಸ ತಿರುಗಾಟ ಮತ್ತು ಮಂದತನದ್ದು.

ದಪ್ಪವಾದಷ್ಟೂ ಒಳ್ಳೆಯದೆ?

ಮಂದತನವೇ ಬೆಣೆಯನ್ನು ಕಟ್ಟುವುದಾದರೆ ಹೆಚ್ಚು ಮಂದವಾದ ಎಣ್ಣೆ ಹೆಚ್ಚು ಸುರಕ್ಷಿತವಲ್ಲವೆ? ಗ್ಯಾರೇಜಿನ ವಾದಕ್ಕೆ ಬಲ ಇರುವುದು ಇಲ್ಲೇ. ಜರ್ಮನಿಯ ರಿಚರ್ಡ್ ಸ್ಟ್ರೈಬೆಕ್ 1902ರಲ್ಲಿ ಪ್ರಕಟಿಸಿದ ಅಳತೆಗಳು ಇದಕ್ಕೆ ಉತ್ತರ ಕೊಟ್ಟವು. ಎಣ್ಣೆಯ ಪದರ ತೀರಾ ತೆಳುವಾಗಿದ್ದರೆ ಲೋಹಕ್ಕೆ ಲೋಹ ತಾಗಿ ಘರ್ಷಣೆ ಜೋರು. ಪದರ ದಪ್ಪವಾದಂತೆ ಘರ್ಷಣೆ ಥಟ್ಟನೆ ಇಳಿದು ಒಂದು ತಗ್ಗು ತಲುಪುತ್ತದೆ. ಅಲ್ಲಿಂದ ಮುಂದೆ ಪದರ ಇನ್ನೂ ದಪ್ಪವಾದರೆ ಘರ್ಷಣೆ ಮತ್ತೆ ಏರುತ್ತದೆ. ಈ ಸಲ ಉಜ್ಜಾಡುವುದು ಲೋಹವಲ್ಲ, ಎಣ್ಣೆಯೊಳಗಿನ ಎಣ್ಣೆ. ಆ ಉಜ್ಜಾಟ ಪೆಟ್ರೋಲನ್ನು ತಿನ್ನುತ್ತದೆ, ಬಿಸಿಯನ್ನೂ ಹುಟ್ಟಿಸುತ್ತದೆ.

ಎಂಜಿನ್ ಕಟ್ಟುವವರು ಹುಡುಕುವುದು ಆ ತಗ್ಗಿಗಿಂತ ತುಸು ದಪ್ಪ ಪದರದ ಕಡೆಗಿರುವ ಜಾಗವನ್ನು. ಲೋಹಗಳು ಸೋಕಬಾರದು, ಹಾಗೆಂದು ಎಣ್ಣೆಯನ್ನು ಕಡೆಯುವುದಕ್ಕೇ ಪೆಟ್ರೋಲ್ ಸುಡಬಾರದು. ಹಿಂದಿನ ಕಾಲದ ಶಾಫ್ಟುಗಳ ಮೈ ಇಂದಿನಷ್ಟು ನುಣುಪಾಗಿರಲಿಲ್ಲ. ಮೈಮೇಲಿನ ಕಣ್ಣಿಗೆ ಕಾಣದ ಗುಡ್ಡಗಳನ್ನು ಮುಳುಗಿಸಲು ದಪ್ಪ ಪದರವೇ ಬೇಕಿತ್ತು, ಅದಕ್ಕೆ ದಪ್ಪ ಆಯಿಲ್. ಈಗ ಮೈ ನುಣುಪಾಗಿದೆ, ತೆಳು ಪದರ ಸಾಕು. ತೆಳು ಆಯಿಲಿನಿಂದ ಉಳಿಯುವ ಇಂಧನ ಶೇಕಡ ಒಂದೆರಡರಷ್ಟಿದ್ದರೂ ಲಕ್ಷಾಂತರ ಕಾರುಗಳ ಲೆಕ್ಕದಲ್ಲಿ ಅದು ದೊಡ್ಡದು. ಭಾರತದಲ್ಲಿ 2017ರಿಂದ ಕಾರು ಕಂಪನಿಗಳ ಸರಾಸರಿ ಇಂಧನ ಬಳಕೆಗೆ ಸರ್ಕಾರ ಮಿತಿ ಹಾಕಿದ ಮೇಲೆ ಈ ಉಳಿತಾಯಕ್ಕೆ ಇನ್ನಷ್ಟು ಬೆಲೆ ಬಂತು.

ಇಂಥ ಎಂಜಿನ್ನಿಗೆ 20ಡಬ್ಲ್ಯು-50 ಹಾಕಿದರೆ? ಮೊದಲಿಗೆ ಸದ್ದು ಕಡಿಮೆಯಾಗುತ್ತದೆ. ದಪ್ಪ ಎಣ್ಣೆ ಸಣ್ಣಪುಟ್ಟ ತಟಪಟ ಶಬ್ದವನ್ನು ನುಂಗುತ್ತದೆ. ‘ಎಂಜಿನ್ ಸ್ಮೂತ್ ಆಯ್ತು’ ಎಂಬ ತೃಪ್ತಿಗೆ ಕಾರಣ ಅದೇ. ಒಳಗೆ ನಡೆಯುವುದು ಬೇರೆ. ಪಂಪಿನಲ್ಲಿ ಮಿತಿಮೀರಿದ ಒತ್ತಡವನ್ನು ಹೊರಬಿಡುವ ಒಂದು ವಾಲ್ವ್ ಇರುತ್ತದೆ. ಎಂಜಿನ್ ತಣ್ಣಗಿರುವಾಗ ದಪ್ಪ ಎಣ್ಣೆ ಸಂದಿಗಳಲ್ಲಿ ಬೇಗ ನುಗ್ಗದೆ ಒತ್ತಡ ಏರುತ್ತದೆ, ವಾಲ್ವ್ ತೆರೆದುಕೊಂಡು ಎಣ್ಣೆಯ ಒಂದು ಪಾಲು ಬೇರಿಂಗ್ ನೋಡದೆಯೇ ಹಿಂದಿರುಗುತ್ತದೆ. ಒತ್ತಡ ಹೆಚ್ಚಿದೆ, ಹರಿವು ಕಡಿಮೆಯಿದೆ. ಬೇರಿಂಗಿನ ಬಿಸಿಯನ್ನು ಹೊತ್ತೊಯ್ಯುವುದೂ ಈ ಹರಿವೇ. ಜೊತೆಗೆ ಈಗಿನ ಅನೇಕ ಸಣ್ಣ ಎಂಜಿನ್‌ಗಳಲ್ಲಿ ಸಿಲಿಂಡರುಗಳ ವಾಲ್ವುಗಳು ತೆರೆಯುವ ಹೊತ್ತನ್ನು ಹಿಂದುಮುಂದು ಮಾಡುವ ಸಾಧನವನ್ನು ನಡೆಸುವುದು ಆಯಿಲೇ. ಅದರ ಕಿರುದಾರಿಗಳನ್ನು ಒಂದು ನಿರ್ದಿಷ್ಟ ಮಂದತನಕ್ಕೆ ಲೆಕ್ಕಹಾಕಿ ಕೊರೆದಿರುತ್ತಾರೆ. ಎಣ್ಣೆ ದಪ್ಪವಾದರೆ ಅದು ತಡವರಿಸುತ್ತದೆ.

ಇಷ್ಟೆಲ್ಲ ಆದರೂ ಎಂಜಿನ್ ಮರುದಿನವೇ ಕೆಡುವುದಿಲ್ಲ, ವರ್ಷಗಟ್ಟಲೆ ಓಡಲೂಬಹುದು. ಆದ್ದರಿಂದಲೇ ಗ್ಯಾರೇಜಿನ ನಂಬಿಕೆ ಅಳಿಯದೆ ಉಳಿದಿದೆ.

ಡಬ್ಬಿಯ ಮೇಲಿನ ಎರಡು ಅಂಕಿ

‘0ಡಬ್ಲ್ಯು-20’ಯಲ್ಲಿ ಡಬ್ಲ್ಯು ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಕೊರೆಯುವ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸು ಎಂಬುದನ್ನು ಹೇಳುತ್ತದೆ. ಎಂಜಿನ್ ಸ್ಟಾರ್ಟ್ ಆಗಲು ಎಣ್ಣೆ ಬಿಟ್ಟುಕೊಡುತ್ತದೆಯೇ ಎಂದು ‘0ಡಬ್ಲ್ಯು’ ಆಯಿಲನ್ನು ಮೈನಸ್ 35 ಡಿಗ್ರಿಯಲ್ಲೂ ‘20ಡಬ್ಲ್ಯು’ ಆಯಿಲನ್ನು ಮೈನಸ್ 15 ಡಿಗ್ರಿಯಲ್ಲೂ ಪರೀಕ್ಷಿಸುತ್ತಾರೆ. ಟೊರಾಂಟೊದಲ್ಲಿರುವ ಕನ್ನಡಿಗರಿಗೆ ಈ ಅಂಕಿ ಜನವರಿಯ ಬೆಳಿಗ್ಗೆ ಕಾರು ಹೊರಡುವುದೇ, ಇಲ್ಲವೇ ಎಂಬ ಪ್ರಶ್ನೆ. ಕರ್ನಾಟಕದಲ್ಲಿ ಆ ಚಳಿಯೇ ಇಲ್ಲ. ಹಾಗಾಗಿ ನಮಗೆ 0ಡಬ್ಲ್ಯು ಮತ್ತು 5ಡಬ್ಲ್ಯು ನಡುವಿನ ವ್ಯತ್ಯಾಸ ಅಷ್ಟಾಗಿ ತಟ್ಟುವುದಿಲ್ಲ.

ಎರಡನೆಯ ಅಂಕಿಯ ಕತೆ ಹಾಗಲ್ಲ. ಅದು ಎಂಜಿನ್ ಕಾದಾಗಿನ ಮಂದತನ. 100 ಡಿಗ್ರಿಯಲ್ಲಿ ‘50’ರ ಆಯಿಲ್ ‘20’ರದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಮಂದ. 40 ಡಿಗ್ರಿಯಲ್ಲಿ, ಎಂದರೆ ರಾಯಚೂರಿನ ಮಧ್ಯಾಹ್ನ ನೆರಳಿನಲ್ಲಿ ನಿಂತ ಕಾರಿನಲ್ಲಿ, 20ಡಬ್ಲ್ಯು-50 ಸಾಮಾನ್ಯವಾಗಿ 0ಡಬ್ಲ್ಯು-20ಗಿಂತ ಮೂರರಿಂದ ನಾಲ್ಕು ಪಟ್ಟು ಮಂದ. ನಮಗೆ ಸೆಕೆ ಎನಿಸುವ 40 ಡಿಗ್ರಿ ಎಂಜಿನ್ ಆಯಿಲಿಗೆ ಇನ್ನೂ ಚಳಿಯೇ. ಎಂಜಿನ್ನಿನ ಸವೆತದಲ್ಲಿ ದೊಡ್ಡ ಪಾಲು ಶುರುವಿನ ಆ ಕೆಲವು ಕ್ಷಣಗಳದ್ದು. ಶಾಫ್ಟು ಇನ್ನೂ ವೇಗ ಪಡೆದಿಲ್ಲ, ಬೆಣೆ ಇನ್ನೂ ಕಟ್ಟಿಲ್ಲ, ಎಣ್ಣೆ ಬೇಗ ಬಂದು ತಲುಪಬೇಕು.

ಹಾಗಾದರೆ ನಿಯಮ ಇಷ್ಟೆ: ಭಾರತದಲ್ಲಿ ಮಾರಿದ ನಿಮ್ಮ ಕಾರಿನ ಕೈಪಿಡಿ ಹೇಳಿದ ದರ್ಜೆ ಹಾಕಿ. ಕೆಲವು ಕೈಪಿಡಿಗಳು ಹೊರಗಿನ ತಾಪಮಾನಕ್ಕೆ ತಕ್ಕಂತೆ ಎರಡು ಮೂರು ದರ್ಜೆಗಳನ್ನು ಒಪ್ಪುತ್ತವೆ. ಬಿಸಿಲ ನಾಡಿನವರು, ಹೆಚ್ಚು ಓಡಿ ಆಯಿಲ್ ಕುಡಿಯತೊಡಗಿದ ಕಾರಿನವರು ಆ ಪಟ್ಟಿಯೊಳಗೇ ದಪ್ಪದ್ದನ್ನು ಆರಿಸಿಕೊಳ್ಳಬಹುದು. ಪಟ್ಟಿಯ ಹೊರಗೆ ಹೋಗುವ ಅಗತ್ಯವಿಲ್ಲ.

ಬೆಣೆ ಕಟ್ಟದ ಕಡೆ

ಎಂಜಿನ್ನಿನ ಎಲ್ಲ ಕಡೆಯೂ ಬೆಣೆ ಕಟ್ಟುವುದಿಲ್ಲ. ಪಿಸ್ಟನ್ ಮೇಲೆ ಹೋಗಿ ತಿರುಗುವಾಗ ಒಂದು ಗಳಿಗೆ ನಿಲ್ಲುತ್ತದೆ, ವೇಗ ಸೊನ್ನೆ. ವಾಲ್ವುಗಳನ್ನು ಒತ್ತುವ ಕ್ಯಾಮ್‌ನ ಮೂತಿಯಲ್ಲೂ ಅದೇ ಇಕ್ಕಟ್ಟು. ಅಲ್ಲಿ ಕಾಯುವುದು ಆಯಿಲಿಗೆ ಬೆರೆಸಿದ ಸತು, ರಂಜಕಗಳ ಸಂಯುಕ್ತ. ಲೋಹಗಳು ಉಜ್ಜಿ ಬಿಸಿಯಾದ ಜಾಗದಲ್ಲೇ ಅದು ಒಡೆದು ತೆಳ್ಳನೆಯ ರಕ್ಷಾಪದರವಾಗಿ ಅಂಟುತ್ತದೆ. ಮಸಿಯನ್ನು ಗಡ್ಡೆಗಟ್ಟಲು ಬಿಡದೆ ತೇಲಿಸಿಡುವ ವಸ್ತುಗಳೂ ಇರುತ್ತವೆ. ಆಯಿಲ್ ಬೇಗ ಕಪ್ಪಾಯಿತೆಂದರೆ ಅವು ಕೆಲಸ ಮಾಡುತ್ತಿವೆ ಎಂದರ್ಥ.

ಈ ಬೆರಕೆಯ ಗುಣಮಟ್ಟ ಮಂದತನದ ಅಂಕಿಗಳಲ್ಲಿ ಕಾಣುವುದಿಲ್ಲ. ಅದಕ್ಕೆ ಡಬ್ಬಿಯ ಮೇಲೆ ಬೇರೆ ಗುರುತಿದೆ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ‘ಎಪಿಐ’ ಪಟ್ಟಿಯಲ್ಲಿ ಪೆಟ್ರೋಲ್ ಕಾರಿನ ಆಯಿಲಿಗೆ ‘ಎಸ್’ ಎಂದು ಶುರುವಾಗುವ ಹೆಸರು: ಎಸ್‌ಎನ್ 2010ರದ್ದು, ಎಸ್‌ಪಿ 2020ರದ್ದು. ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ಇಂಧನ ಹೊತ್ತಿಗೆ ಮುಂಚೆಯೇ ಹೊತ್ತಿಕೊಂಡು ಪಿಸ್ಟನ್ ಒಡೆಯುವ ತೊಂದರೆಯನ್ನು ತಡೆಯಲು ಎಸ್‌ಪಿಯಲ್ಲಿ ಬೆರಕೆಯನ್ನೇ ಬದಲಿಸಿದರು. ಬಿಎಸ್6 ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿಸೋಸುಕ ಇರುತ್ತದೆ. ಅವುಗಳಿಗೆ ಬೂದಿ ಕಡಿಮೆ ಬಿಡುವ ಆಯಿಲ್ ಬೇಕು, ಇಲ್ಲದಿದ್ದರೆ ಸೋಸುಕ ಕಟ್ಟಿಕೊಳ್ಳುತ್ತದೆ. ಮನೆಯಲ್ಲಿ ಉಳಿದ ಬೈಕಿನ ಆಯಿಲನ್ನು ಕಾರಿಗೆ ಸುರಿಯುವುದೂ ಬೇಡ. ಎಣ್ಣೆಯಲ್ಲೇ ಮುಳುಗಿರುವ ಬೈಕಿನ ಕ್ಲಚ್ ಜಾರಬಾರದೆಂದು ಅದರ ಬೆರಕೆಯನ್ನು ಬೇರೆಯಾಗಿಯೇ ಮಾಡಿರುತ್ತಾರೆ.

ಎಷ್ಟು ಹಾಕಬೇಕು?

ಸಣ್ಣ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ 3ರಿಂದ 4 ಲೀಟರ್ ಆಯಿಲ್ ಹಿಡಿಯುತ್ತದೆ. ಕೈಪಿಡಿಯಲ್ಲಿ ಎರಡು ಅಳತೆ ಇರುತ್ತವೆ. 2006ರಲ್ಲಿ ಬಂದ ಹೋಂಡಾ ಸಿವಿಕ್‌ನ 1.8 ಲೀಟರ್ ಎಂಜಿನ್ನಿಗೆ ಫಿಲ್ಟರನ್ನೂ ಬದಲಿಸಿದರೆ 3.7 ಲೀಟರ್, ಬದಲಿಸದಿದ್ದರೆ 3.5 ಲೀಟರ್. ಆ ವ್ಯತ್ಯಾಸ ಫಿಲ್ಟರ್ ಹೊಟ್ಟೆಯೊಳಗೆ ಉಳಿಯುವ ಎಣ್ಣೆಯದು.

ಆಯಿಲ್ ಕಡಿಮೆಯಾದರೆ ಏನಾಗುತ್ತದೆಂದು ಚಾರ್ಮಾಡಿ, ಆಗುಂಬೆ ಘಾಟಿಗಳು ತೋರಿಸಬಲ್ಲವು. ಎಂಜಿನ್ ತಳದ ಆಯಿಲ್ ಚೇಂಬರಿನಲ್ಲಿ ಪಂಪಿನ ಬಾಯಿ ಎಣ್ಣೆಯೊಳಗೆ ಮುಳುಗಿರುತ್ತದೆ. ಏರಿನಲ್ಲಿ, ಹಿಮ್ಮುರಿ ತಿರುವಿನಲ್ಲಿ ಎಣ್ಣೆ ಒಂದು ಪಕ್ಕಕ್ಕೆ ಹೊಯ್ದಾಡುತ್ತದೆ. ಮಟ್ಟ ತೀರಾ ತಗ್ಗಿದ್ದರೆ ಆ ಕ್ಷಣ ಪಂಪು ಗಾಳಿ ಎಳೆಯುತ್ತದೆ. ಗಾಳಿ ಕುಗ್ಗುತ್ತದೆ, ಇಷ್ಟು ಭಾರ ಹೊರುವ ಬೆಣೆ ಅದರಿಂದ ಕಟ್ಟುವುದಿಲ್ಲ.

ಹೆಚ್ಚಾದರೂ ತೊಂದರೆ ಅದೇ ಗಾಳಿಯಿಂದ. ಚೇಂಬರು ತುಂಬಿ ಎಣ್ಣೆ ಕ್ರ್ಯಾಂಕ್‌ಶಾಫ್ಟಿನ ಎತ್ತರಕ್ಕೆ ಬಂದರೆ ಅದರ ಭಾರದ ರೆಕ್ಕೆಗಳು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತವೆ. ನೊರೆಯೆಂದರೆ ಎಣ್ಣೆಯೊಳಗಿನ ಗಾಳಿ. ಪಂಪು ಅದನ್ನೇ ಬೇರಿಂಗಿಗೆ ಕಳಿಸುತ್ತದೆ. ಜೊತೆಗೆ ಎಣ್ಣೆಯ ಹನಿಗಳು ಎಂಜಿನ್ ಉಸಿರಾಡುವ ಕೊಳವೆಯಲ್ಲಿ ಸಾಗಿ ಸಿಲಿಂಡರಿನಲ್ಲಿ ಉರಿದು ಹೊಗೆ ಶುದ್ಧ ಮಾಡುವ ಕನ್ವರ್ಟರನ್ನು ಕೆಡಿಸುತ್ತವೆ. ‘ಇರಲಿ, ಸ್ವಲ್ಪ ಜಾಸ್ತಿ ಹಾಕಿ’ ಎಂಬ ಉದಾರತೆ ಅಕ್ಕಿಗೆ ಸರಿ, ಆಯಿಲಿಗಲ್ಲ.

ಅಳೆಯುವುದು ಸುಲಭ. ಕಾರು ಸಮತಟ್ಟಾದ ನೆಲದಲ್ಲಿರಬೇಕು. ಎಂಜಿನ್ ಬಿಸಿ ಮಾಡಿ, ಆಫ್ ಮಾಡಿ, ಮೇಲಿನ ಎಣ್ಣೆ ಕೆಳಗಿಳಿಯಲು ಐದರಿಂದ ಹತ್ತು ನಿಮಿಷ ಬಿಡಿ. ಡಿಪ್‌ಸ್ಟಿಕ್ ಎಳೆದು ಒರೆಸಿ, ಪೂರ್ತಿ ಒಳಗಿಳಿಸಿ, ಮತ್ತೆ ಎಳೆದು ನೋಡಿ. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಬಹಳಷ್ಟು ಕಾರುಗಳಲ್ಲಿ ಆ ಗುರುತುಗಳ ನಡುವಿನ ಅಂತರವೇ ಸುಮಾರು ಒಂದು ಲೀಟರ್. ಆಯಿಲ್ ಬದಲಿಸಿದಾಗ ಹಳೆಯ ಎಣ್ಣೆ ಪೂರ್ತಿ ಇಳಿದಿರುವುದಿಲ್ಲ. ಆದ್ದರಿಂದ ಡಬ್ಬಿಯನ್ನು ಒಮ್ಮೆಲೇ ಖಾಲಿ ಮಾಡದೆ ಕೈಪಿಡಿಯ ಅಳತೆಗಿಂತ ಅರ್ಧ ಲೀಟರ್ ಕಡಿಮೆ ಸುರಿದು, ಎಂಜಿನ್ ಒಂದೆರಡು ನಿಮಿಷ ಓಡಿಸಿ, ನಿಲ್ಲಿಸಿ, ಅಳೆದು, ಬೇಕಾದಷ್ಟು ತುಂಬಿ.

ತಾನಾಗಿ ಏರುವ ಮಟ್ಟ

ಒಮ್ಮೊಮ್ಮೆ ಏನೂ ಹಾಕದಿದ್ದರೂ ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರಿರುತ್ತದೆ. ಆಯಿಲ್ ಕಡಿಮೆಯಾಗಿಲ್ಲವೆಂದು ಖುಷಿಪಡುವ ಸಂಗತಿಯಲ್ಲ ಇದು. ಬೆಂಗಳೂರಿನಂಥ ಊರಲ್ಲಿ ದಿನವೂ ಎರಡು ಮೂರು ಕಿಲೋಮೀಟರ್ ಮಾತ್ರ ಹೋಗಿಬರುವ ಕಾರಿನ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ. ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆಗುಂಟ ಇಳಿದು ಆಯಿಲಿಗೆ ಬೆರೆಯುತ್ತದೆ. ಮಸಿಸೋಸುಕವಿರುವ ಡೀಸೆಲ್ ಕಾರುಗಳಲ್ಲಿ ಅದು ಇನ್ನೂ ಹೆಚ್ಚು. ಸೋಸುಕದ ಮಸಿ ಸುಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಟ್ರಾಫಿಕ್ಕಿನಲ್ಲಿ ಆ ಸುಡುವಿಕೆ ಅರ್ಧಕ್ಕೇ ನಿಂತು ಮತ್ತೆ ಮತ್ತೆ ಶುರುವಾದಂತೆಲ್ಲ ಒಂದಿಷ್ಟು ಡೀಸೆಲ್ ಆಯಿಲಿಗೆ ಸೇರುತ್ತದೆ. ಮಟ್ಟ ಏರುತ್ತದೆ, ಮಂದತನ ಇಳಿಯುತ್ತದೆ. ಅಂಥ ಕಾರನ್ನು ಆಗಾಗ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸುವುದು ಒಳ್ಳೆಯದು. ಮೇಲಿನ ಗುರುತನ್ನು ದಾಟಿದ್ದರೆ ಕಿಲೋಮೀಟರ್ ಲೆಕ್ಕ ನೋಡದೆ ಆಯಿಲ್ ಬದಲಿಸಬೇಕು.

ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಆಯಿಲ್ ದೀಪ ಇದೆಯಲ್ಲ, ಅದು ಹೇಳುತ್ತದೆ ಬಿಡಿ ಎಂದು ಕೆಲವರು ಡಿಪ್‌ಸ್ಟಿಕ್ ಮುಟ್ಟುವುದೇ ಇಲ್ಲ. ಆ ದೀಪ ಬಹುತೇಕ ಕಾರುಗಳಲ್ಲಿ ಅಳೆಯುವುದು ಆಯಿಲಿನ ಮಟ್ಟವನ್ನಲ್ಲ, ಒತ್ತಡವನ್ನು. ಮಟ್ಟ ಒಂದು ಲೀಟರ್ ಇಳಿದರೂ ಪಂಪಿನ ಬಾಯಿ ಮುಳುಗಿರುವವರೆಗೂ ಅದು ಹತ್ತುವುದಿಲ್ಲ. ಓಡುವಾಗ ಹತ್ತಿತೆಂದರೆ ಬೇರಿಂಗಿನ ಬಾಗಿಲಿಗೆ ಎಣ್ಣೆ ಬರುವುದು ನಿಲ್ಲುತ್ತಿದೆ ಎಂದರ್ಥ. ಬೆಣೆ ಹರಿದರೆ ಎರಡು ಟನ್ನಿನ ಗುದ್ದು ನೇರವಾಗಿ ಲೋಹದ ಮೇಲೆ. ‘ಮುಂದಿನ ಬಂಕ್‌ವರೆಗೆ ಹೋಗಿಬಿಡೋಣ’ ಎನ್ನುವ ಹೊತ್ತಲ್ಲ ಅದು. ಗಾಡಿ ಪಕ್ಕಕ್ಕೆ ಹಾಕಿ, ಎಂಜಿನ್ ಆಫ್ ಮಾಡಿ, ಟೋಯಿಂಗ್ ಗಾಡಿಗೆ ಫೋನ್ ಮಾಡಿ. ಅದರ ಖರ್ಚು ಎಷ್ಟೇ ಆದರೂ ಎಂಜಿನ್ ಬಿಚ್ಚಿ ಕಟ್ಟುವ ಖರ್ಚಿನ ಮುಂದೆ ಚಿಲ್ಲರೆಯೇ.